ಒಬ್ಬರದೇ ಪ್ರೊಫೈಲ್‌ನಾಗ ಮಿದುಳೂ ಐತಿ, ಭತ್ತಾನೂ ಐತಿ: ಈ ಸೈಟೇಶನ್ ಲೆಕ್ಕ ಹ್ಯಾಂಗ ಓದಬೇಕು?

ಎಡದಂಡೆ_ಕಾರಟಗಿ ಕೇಳಿದ ಪ್ರಶ್ನೆ

ಎಲ್ಲಾರಿಗೂ ನಮಸ್ಕಾರ. ನಾನು ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಬೆಳೆ ಶರೀರಕ್ರಿಯೆ ವಿಷಯದಾಗ ಪಿಎಚ್‌ಡಿ ಮಾಡಾಕತ್ತೀನಿ. ಊರು ಕಾರಟಗಿ ಕಡೆ. ತುಂಗಭದ್ರಾ ಎಡದಂಡೆ ಕಾಲುವಿ ಬಂದ ಮ್ಯಾಲೆ ನಮ್ಮ ಕಡೆ ಭತ್ತ ಬಂತು, ಅದರ ಬೆನ್ನಿಗೇ ತಗ್ಗಿನ ಹೊಲದಾಗ ಸವಳು ಎದ್ದಿತು. ಬ್ಯಾಸಗಿಯಾಗ ಬದುವಿನ ಮ್ಯಾಲೆ ಬೆಳ್ಳಗ ಉಪ್ಪು ಕುಂದರತೈತಲ್ಲ, ಅದನ್ನ ನೋಡಿಕೋಂತ ಬೆಳೆದವ ನಾನು. ನನ್ನ ವಿಷಯಾನೂ ಅದೇ: ಬೇರಿಗೆ ಉಪ್ಪು ತಟ್ಟಿದಾಗ ಭತ್ತದ ಸಸಿಯೊಳಗ ಕ್ಯಾಲ್ಸಿಯಂ ಹ್ಯಾಂಗ ಏರತೈತಿ, ಆ ಸುದ್ದಿ ಮ್ಯಾಲಿನ ಎಲಿ ತನಕ ಹ್ಯಾಂಗ ಮುಟ್ಟತೈತಿ.

ಕ್ಯಾಲ್ಸಿಯಂ ಏರಿಳಿತಾನ ಜೀವಂತ ಅಂಗಾಂಶದಾಗ ಸೂಕ್ಷ್ಮದರ್ಶಕದಿಂದ ನೋಡೋ ವಿದ್ಯೆ ನಮ್ಮ ವಿಭಾಗದಾಗ ಯಾರಿಗೂ ಇಲ್ಲ. ಅದಕ್ಕ ಹೊರಗಿನವರೊಬ್ಬರನ್ನ ಕೋ-ಗೈಡ್ ಮಾಡಿಕೊಳ್ಳೋಣ ಅಂತ ಹುಡುಕಿದೆ. ಪೇಪರ್, ಅವಕ್ಕ ಬಂದ ಸೈಟೇಶನ್ (ಬ್ಯಾರೆಯವರು ಮಾಡಿದ ಉಲ್ಲೇಖ) ಎಣಿಸಿಡೋ ಸ್ಕೋಪಸ್ ಡೇಟಾಬೇಸ್‌ನಾಗ ಒಬ್ಬ ವಿಜ್ಞಾನಿ ಸಿಕ್ಕರು, ಹೆಸರು ಇಲ್ಲಿ ಬ್ಯಾಡ. ಪಟ್ಟಿ ಮ್ಯಾಲಿನ ಪೇಪರ್ ಎಲ್ಲ ಮಿದುಳಿನವು: ಇಲಿಯ ನರಕೋಶ, ನೆನಪು, ನರಕೋಶದ ನಡುವ ಸಂದೇಶ ಒಯ್ಯೋ ಗ್ಲುಟಮೇಟ್ ಅನ್ನೋ ವಸ್ತು. ಕೆಳಗ ಬಂದಂಗ ಸಸ್ಯದ ಎಲಿಯಾಗಿನ ಗ್ಲುಟಮೇಟ್. ಇನ್ನೂ ಕೆಳಗ ಸವಳು ಭೂಮಿಯಾಗ ಭತ್ತದ ನಾಟಿ, ನೀರು ಬಸಿಯೋದು, ಗೊಬ್ಬರದ ಪ್ರಮಾಣ! ಒಟ್ಟು ಇನ್ನೂರರ ಮ್ಯಾಲೆ ಪೇಪರ್, ಎಚ್-ಇಂಡೆಕ್ಸ್ (ಪೇಪರ್ ಎಷ್ಟು, ಉಲ್ಲೇಖ ಎಷ್ಟು ಎರಡನ್ನೂ ಒಂದೇ ಅಂಕಿಯಾಗ ಹೇಳೋ ಲೆಕ್ಕ) ನಲವತ್ತು ದಾಟೇತಿ. ಸೀನಿಯರ್‌ಗಳು ‘ಎರಡೂ ಕಡೆ ಪಳಗಿದ ಮನುಷ್ಯಾ, ಬಿಡಬ್ಯಾಡ’ ಅಂತಾರ.

ನನಗ ಎರಡು ಅನುಮಾನ. ಒಬ್ಬರೇ ಇಷ್ಟೆಲ್ಲ ಮಾಡಾಕ ಸಾಧ್ಯ ಐತೇನು? ಇನ್ನೊಂದು, ನಮ್ಮ ಗೈಡ್ ಸರ್ ಭತ್ತದಾಗೇ ತಲೆಗೂದಲು ಬೆಳ್ಳಗ ಮಾಡಿಕೊಂಡವರು. ಅವರ ಎಚ್-ಇಂಡೆಕ್ಸ್ ಇದರ ಮೂರರಾಗ ಒಂದು ಪಾಲೂ ಇಲ್ಲ. ಹಂಗಂದ್ರ ಅವರ ಕೆಲಸ ಮೂರರಾಗ ಒಂದು ಪಾಲು ಅಂತ ಅರ್ಥ ಏನು? ಗೆಳೆಯರು ಗೈಡ್ ಬದಲಿ ಮಾಡು ಅನ್ನೋ ಮಟ್ಟಕ್ಕ ಬಂದಾರ. ನನಗ ಅದು ಸರಿ ಅನ್ನಿಸವಲ್ದು, ಆದರ ಅವರಿಗೆ ಉತ್ತರ ಕೊಡಾಕ ನನ್ನ ಹತ್ರ ಲೆಕ್ಕ ಇಲ್ಲ. ತಿಳಿದವರು ಹೇಳ್ರಿ.

ಲಿಂಗಸುಗೂರು_ಎಂಎಸ್ಸಿ

ಅಣ್ಣ, ನಲವತ್ತರ ಮ್ಯಾಲ ಅದ ಅಂದ್ರ ದೊಡ್ಡವರೇ ಅದಾರ. ಜಗತ್ತಿನ ಮೇಲಿನ ಶೇ 2 ವಿಜ್ಞಾನಿಗಳದು ಅಂತ ಸ್ಟ್ಯಾನ್‌ಫರ್ಡ್‌ನವರ ಪಟ್ಟಿ ಬರ್ತದಲ್ಲ, ಅದರಾಗ ಹೆಸರು ಅದನೋ ಇಲ್ಲೋ ನೋಡು. ಇದ್ರ ಮೇಲ್ ಹಾಕಿಬಿಡು. ಅಂಥವರ ಹೆಸರು ನಿನ್ನ ಪೇಪರ್ ಮ್ಯಾಲ ಬಂದ್ರ ಮುಂದ ಪೋಸ್ಟ್‌ಡಾಕ್‌ಗೆ ಅನುಕೂಲ.

ಓದುಕೋಣೆ_ಬಳ್ಳಾರಿ

ನಾನು ಬಳ್ಳಾರಿಯ ಒಂದು ಕಾಲೇಜಿನ ಗ್ರಂಥಪಾಲಕಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮೊದಲು ಅಧ್ಯಾಪಕರ ಪೇಪರ್, ಸೈಟೇಶನ್, ಎಚ್-ಇಂಡೆಕ್ಸ್ ಒಟ್ಟುಗೂಡಿಸುವ ಕೆಲಸ ನನ್ನ ಪಾಲಿನದು. ಇಂಥ ಪ್ರೊಫೈಲ್‌ಗಳನ್ನು ಬಿಡಿಸಿ ನೋಡುವುದು ನನಗೆ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹೆಸರು ನೋಡಿ, ಆಮೇಲೆ ಅಂಕಿ. ನಮ್ಮ ಭಾಗದ ಹೆಸರುಗಳು ಈ ಡೇಟಾಬೇಸ್‌ಗಳಿಗೆ ದೊಡ್ಡ ತಲೆನೋವು. ಪಾಟೀಲ, ಗೌಡ, ಹಿರೇಮಠ, ಕುಲಕರ್ಣಿ ಎಂಬ ಅಡ್ಡಹೆಸರಿನ ಮುಂದೆ ಒಂದೇ ಇನಿಶಿಯಲ್ ಇಟ್ಟರೆ ಎಷ್ಟು ಜನ ಆಗುತ್ತಾರೆ ಯೋಚಿಸಿ. ಇನ್ನು ಅಡ್ಡಹೆಸರೇ ಇಲ್ಲದವರು ಒಂದು ಪೇಪರ್‌ನಲ್ಲಿ ತಂದೆಯ ಹೆಸರು ಮುಂದಿಡುತ್ತಾರೆ, ಇನ್ನೊಂದರಲ್ಲಿ ಊರಿನ ಹೆಸರು ಹಿಂದಿಡುತ್ತಾರೆ. ಸ್ಕೋಪಸ್ ಲೇಖಕರ ಪ್ರೊಫೈಲ್‌ಗಳನ್ನು ಯಂತ್ರವೇ ಜೋಡಿಸುತ್ತದೆ. ಇಬ್ಬರನ್ನು ಒಬ್ಬರೆಂದು ಕೂಡಿಸುವುದೂ ಉಂಟು, ಒಬ್ಬರನ್ನು ಮೂರು ಮಾಡುವುದೂ ಉಂಟು. ಗೂಗಲ್ ಸ್ಕಾಲರ್ ಪ್ರೊಫೈಲ್ ಲೇಖಕರು ತಾವೇ ತೆರೆಯುವಂಥದ್ದು. ಹೊಸ ಪೇಪರ್ ತಾನಾಗಿಯೇ ಸೇರಲಿ ಎಂದು ಬಿಟ್ಟಿದ್ದರೆ ಅಲ್ಲಿಯೂ ಬೇರೆಯವರ ಪೇಪರ್ ಬಂದು ಕೂತಿರುತ್ತದೆ. ನೀವು ಹೇಳಿದ ಪಟ್ಟಿಯಲ್ಲಿ ಇಲಿಯ ನರಕೋಶದಿಂದ ಗೊಬ್ಬರದ ಪ್ರಮಾಣದವರೆಗೆ ಹರಡಿದೆ ಎಂದಾಗ ನನಗೆ ಮೊದಲು ಬಂದ ಅನುಮಾನವೇ ಇದು.

ಪರೀಕ್ಷಿಸುವುದು ಕಷ್ಟವಲ್ಲ. ಪೇಪರ್‌ಗಳನ್ನು ವರ್ಷದ ಪ್ರಕಾರ ಜೋಡಿಸಿ ಪ್ರತಿಯೊಂದರಲ್ಲೂ ಸಂಸ್ಥೆ, ಇಮೇಲ್, ಜೊತೆ ಲೇಖಕರು ಈ ಮೂರನ್ನೂ ನೋಡಿ. ಒಂದೇ ವರ್ಷ ಎರಡು ಊರಿನ ಎರಡು ಸಂಸ್ಥೆ, ಎರಡರ ಜೊತೆ ಲೇಖಕರಲ್ಲಿ ಒಬ್ಬರೂ ಸಮಾನವಾಗಿಲ್ಲ ಎಂದರೆ ಅವರು ಇಬ್ಬರೇ. ಆರ್ಕಿಡ್ (ORCID) ಸಂಖ್ಯೆ ಕೊಟ್ಟಿದ್ದರೆ ಇನ್ನೂ ಸುಲಭ. 2012ರಲ್ಲಿ ಶುರುವಾದ 16 ಅಂಕಿಯ ಗುರುತು ಅದು, ಹೆಸರಿನ ಗೊಂದಲಕ್ಕೆಂದೇ ಬಂದದ್ದು.

ಸ್ಟ್ಯಾನ್‌ಫರ್ಡ್ ಪಟ್ಟಿಯ ಮಾತು ಬಂತು. ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಕೆಲಸ ಅದು. ವಿಜ್ಞಾನವನ್ನು 22 ಕ್ಷೇತ್ರಗಳಾಗಿ, ಅವುಗಳೊಳಗೆ ನೂರೆಪ್ಪತ್ತಕ್ಕೂ ಹೆಚ್ಚು ಉಪಕ್ಷೇತ್ರಗಳಾಗಿ ವಿಂಗಡಿಸಿದ್ದಾರೆ. ತನ್ನನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ತೆಗೆದರೆ ಎಷ್ಟು ಉಳಿಯುತ್ತದೆ ಎಂದೂ ತೋರಿಸುತ್ತಾರೆ, ಮೊದಲ ಲೇಖಕ, ಕೊನೆಯ ಲೇಖಕ ಆಗಿದ್ದಾಗ ಬಂದ ಉಲ್ಲೇಖವನ್ನು ಬೇರೆಯಾಗಿ ಎಣಿಸುತ್ತಾರೆ. ಬರೀ ಎಚ್-ಇಂಡೆಕ್ಸ್‌ಗಿಂತ ಎಷ್ಟೋ ವಾಸಿ. ಆದರೆ ಅದರ ಮೂಲವೂ ಸ್ಕೋಪಸ್. ಅಲ್ಲಿ ಇಬ್ಬರು ಒಬ್ಬರಾಗಿದ್ದರೆ ಪಟ್ಟಿಗೂ ಹಾಗೆಯೇ ಹೋಗುತ್ತಾರೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ನನಗೆ ಹೆಚ್ಚು ಮನಸ್ಸಿಗೆ ತಾಗಿದ್ದು ಅದು. ಎಚ್-ಇಂಡೆಕ್ಸ್ ಎಣಿಸುವುದು ಹೀಗೆ: ಒಬ್ಬರಿಗೆ ಐದು ಪೇಪರ್, ಉಲ್ಲೇಖಗಳು 40, 22, 9, 4, 3 ಎಂದಿಟ್ಟುಕೊಳ್ಳಿ. ಕನಿಷ್ಠ ನಾಲ್ಕು ಉಲ್ಲೇಖ ಬಂದ ಪೇಪರ್ ನಾಲ್ಕಿವೆ, ಐದು ಬಂದವು ಐದಿಲ್ಲ. ಹಾಗಾಗಿ ಎಚ್ ನಾಲ್ಕು. ಮೊದಲ ಪೇಪರ್‌ಗೆ 40ರ ಬದಲು ನಾಲ್ಕು ಸಾವಿರ ಬಂದರೂ ಎಚ್ ನಾಲ್ಕೇ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಇದನ್ನು 2005ರಲ್ಲಿ ಮುಂದಿಟ್ಟರು. ಆ ಲೇಖನ ಇಡೀ ಓದಿದವರು ಕಡಿಮೆ. ಅದರೊಳಗೇ ಅವರು ಎರಡು ಸಾಲು ಹೆಸರು ಕೊಟ್ಟಿದ್ದಾರೆ. ಭೌತವಿಜ್ಞಾನಿಗಳಲ್ಲಿ ಎಲ್ಲರಿಗಿಂತ ಮೇಲೆ ಎಡ್ವರ್ಡ್ ವಿಟ್ಟನ್, ಎಚ್ 110. ಜೀವವಿಜ್ಞಾನಿಗಳಲ್ಲಿ ಎಲ್ಲರಿಗಿಂತ ಮೇಲೆ ಸಾಲೊಮನ್ ಸ್ನೈಡರ್, ಎಚ್ 191. ಸ್ನೈಡರ್ ನರವಿಜ್ಞಾನಿ, ಮಿದುಳಿನಲ್ಲಿ ಅಫೀಮನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳನ್ನು, ಅಂದರೆ ಗ್ರಾಹಕಗಳನ್ನು ತೋರಿಸಿದವರು. ಇದರಿಂದ ವಿಟ್ಟನ್ ಕಡಿಮೆಯವರು ಎಂದು ಯಾರಾದರೂ ಹೇಳುತ್ತಾರೆಯೇ? ಹಿರ್ಶ್ ಕೂಡ ಹೇಳಲಿಲ್ಲ. ಕ್ಷೇತ್ರಕ್ಕೊಂದು ಅಳತೆ ಎಂದೇ ಬರೆದರು.

ನರವಿಜ್ಞಾನದ ಅಂಕಿ ಏರಲು ಕಾರಣ ಇದೆ. ಅಲ್ಲಿ ಲ್ಯಾಬ್‌ಗಳು ಜಗತ್ತಿನ ತುಂಬ, ದುಡ್ಡು ಹೆಚ್ಚು, ಒಂದು ಪೇಪರ್‌ನ ಕೊನೆಯಲ್ಲಿ ಉಲ್ಲೇಖಪಟ್ಟಿಯೂ ಉದ್ದ. ಇಲಿಯ ಮಿದುಳು ಬೋಸ್ಟನ್‌ನಲ್ಲೂ ಟೋಕಿಯೋದಲ್ಲೂ ಒಂದೇ. ನಿಮ್ಮ ಗೈಡ್ ಸರ್ ಮಾಡುವ ಕೆಲಸ ಹಾಗಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಕಪ್ಪು ಮಣ್ಣಿನಲ್ಲಿ ಸವಳು ಹೇಗಿರುತ್ತದೆ ಎಂಬುದನ್ನು ಉಲ್ಲೇಖಿಸಬೇಕಾದವರು ಅದೇ ಮಣ್ಣಿನಲ್ಲಿ ಕೆಲಸ ಮಾಡುವವರು. ಅವರು ಎಷ್ಟು ಮಂದಿ? ಒಂದು ಹಂಗಾಮು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಪೇಪರ್ ಬರುವುದೇ ನಿಧಾನ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಸಂಶೋಧನೆಯನ್ನು ಅಂಕಿಯಿಂದ ಅಳೆಯುವವರಿಗಾಗಿ ಲೈಡನ್ ಪ್ರಣಾಳಿಕೆ ಎಂದು ಹತ್ತು ಸೂತ್ರ ಪ್ರಕಟವಾಯಿತು. ಗಣಿತದ ಅತ್ಯುತ್ತಮ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಒಂದು ಪೇಪರ್‌ಗೆ ಬರುವ ಸರಾಸರಿ ಉಲ್ಲೇಖ) ಸುಮಾರು 3, ಜೀವಕೋಶ ವಿಜ್ಞಾನದ ಅತ್ಯುತ್ತಮ ಜರ್ನಲ್‌ಗಳದು ಸುಮಾರು 30 ಎಂಬ ಉದಾಹರಣೆ ಕೊಟ್ಟು, ಕ್ಷೇತ್ರ ನೋಡದೆ ಅಂಕಿ ಹೋಲಿಸಬೇಡಿ ಎಂದು ಅದರಲ್ಲೇ ಹೇಳಿದ್ದಾರೆ. ನಿಮ್ಮ ಗೆಳೆಯರಿಗೆ ಲೆಕ್ಕ ಬೇಕೆಂದರೆ ಇದನ್ನು ತೋರಿಸಿ.

ಇನ್ನೊಂದು ಮಾತು. ಉಲ್ಲೇಖ ಎಂದರೆ ಮೆಚ್ಚುಗೆ ಎಂದು ತಿಳಿಯಬೇಡಿ. ನನ್ನ ಮೇಜಿಗೆ ಬರುವ ಸಸ್ಯವಿಜ್ಞಾನದ ಥೀಸಿಸ್‌ಗಳಲ್ಲಿ ‘ಆರ್ನಾನ್, 1949’ ಇಲ್ಲದ್ದು ಅಪರೂಪ. ಎಲೆಯ ತುಣುಕನ್ನು ಶೇ 80ರ ಅಸಿಟೋನ್‌ನಲ್ಲಿ ಅರೆದು, ಸೋಸಿ, ಆ ಹಸಿರು ದ್ರವವನ್ನು 645 ಮತ್ತು 663 ನ್ಯಾನೋಮೀಟರ್‌ನಲ್ಲಿ ಓದಿ, ಸೂತ್ರಕ್ಕೆ ಹಾಕಿ ಕ್ಲೋರೋಫಿಲ್ ಎಷ್ಟೆಂದು ಬರೆಯುತ್ತಾರೆ. ಪಕ್ಕದಲ್ಲಿ ಆರ್ನಾನ್ ಹೆಸರು. ಆ ಪೇಪರ್ ಇರುವುದು ಕ್ಲೋರೋಪ್ಲಾಸ್ಟ್‌ನಲ್ಲಿರುವ ತಾಮ್ರದ ಕಿಣ್ವಗಳ ಬಗ್ಗೆ! ಕ್ಲೋರೋಫಿಲ್ ಸೂತ್ರ ಅದರೊಳಗಿನ ಒಂದು ವಿಧಾನ ಮಾತ್ರ. ಮೂಲ ಪೇಪರ್ ಬೇಕೆಂದು ನನ್ನ ಬಳಿ ಕೇಳಿಬಂದ ವಿದ್ಯಾರ್ಥಿ ಇಲ್ಲವೇ ಇಲ್ಲ. ಹಿಂದಿನ ಥೀಸಿಸ್‌ನಿಂದ ಮುಂದಿನದಕ್ಕೆ ಹಾಗೇ ಸಾಗಿಬರುತ್ತದೆ. ಪ್ರೋಟೀನ್ ಅಳೆಯುವ ಲೌರಿ ವಿಧಾನವೂ ಹಾಗೆ, 1951ರ ಪೇಪರ್. ನೇಚರ್ 2014ರಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪೇಪರ್‌ಗಳನ್ನು ಎಣಿಸಿದಾಗ ಅದೇ ಮೊದಲು, ಮೂರು ಲಕ್ಷಕ್ಕೂ ಮೇಲೆ. ಅದನ್ನು ಮಿದುಳಿನವರೂ ಉಲ್ಲೇಖಿಸುತ್ತಾರೆ, ಎಲೆಯವರೂ ಉಲ್ಲೇಖಿಸುತ್ತಾರೆ. ಅದು ದೊಡ್ಡ ಸಂಶೋಧನೆಯೇನೂ ಅಲ್ಲ ಎಂದು ಲೌರಿಯವರೇ ಬರೆದಿದ್ದಾರೆ. ಕೈಗೆ ಒದಗುವ ವಿಧಾನ, ಅಷ್ಟೆ.

ಅದಕ್ಕೇ ನಾನು ಹೇಳುವುದು: ಅಂಕಿಯ ಮೇಲೆ ಒತ್ತಿ. ಉಲ್ಲೇಖಿಸಿದವರ ಪಟ್ಟಿ ತೆರೆಯುತ್ತದೆ. ಅದರಲ್ಲಿ ಹತ್ತು ಪೇಪರ್ ತೆಗೆದು, ಈ ವಿಜ್ಞಾನಿಯ ಹೆಸರು ಬಂದ ವಾಕ್ಯವನ್ನು ಓದಿ. ‘ಈ ಬಗ್ಗೆ ಹಲವರು ಕೆಲಸ ಮಾಡಿದ್ದಾರೆ’ ಎಂದು ಏಳು ಹೆಸರುಗಳ ನಡುವೆ ಬಂದಿದೆಯೋ, ಅಥವಾ ‘ಇವರು ಹೇಳಿದ್ದನ್ನು ನಾವು ಮಾಡಿ ನೋಡಿದೆವು, ಹೀಗಾಯಿತು’ ಎಂದು ಬಂದಿದೆಯೋ. ಎರಡೂ ಲೆಕ್ಕದಲ್ಲಿ ಒಂದೊಂದೇ. ಆದರೆ ಎರಡನೆಯದು ಸಿಕ್ಕರೆ ಆ ಮನುಷ್ಯರನ್ನು ಹುಡುಕಿಕೊಂಡು ಹೋಗಿ.

ಸಿರುಗುಪ್ಪ_ಬೆಂಗಳೂರು

ಮೇಡಂ ಹೇಳಿದ್ದರ ಮೇಲೆ ಒಂದು ಸೇರಿಸುತ್ತೇನೆ. ನಾನು ಸಿರುಗುಪ್ಪದವನು, ಈಗ ಬೆಂಗಳೂರಿನ ಒಂದು ನರವಿಜ್ಞಾನ ಲ್ಯಾಬ್‌ನಲ್ಲಿದ್ದೇನೆ. ಮಿದುಳು ಮತ್ತು ಗಿಡ ಎರಡೂ ಒಬ್ಬರ ಪಟ್ಟಿಯಲ್ಲಿವೆ ಎಂದ ಮಾತ್ರಕ್ಕೆ ಪೂರ್ತಿ ಸುಳ್ಳು ಎನ್ನಬೇಡಿ. ನಿಮ್ಮ ವಿಷಯದಲ್ಲಂತೂ ಈ ಎರಡಕ್ಕೂ ನಿಜವಾದ ನಂಟಿದೆ.

ನಮ್ಮ ಲ್ಯಾಬ್‌ನಲ್ಲಿ ನರಕೋಶ ಕೆಲಸ ಮಾಡುವುದನ್ನು ನೋಡಲು ಜಿಕ್ಯಾಂಪ್ ಎಂಬ ಪ್ರೋಟೀನ್ ಬಳಸುತ್ತೇವೆ. ಕ್ಯಾಲ್ಸಿಯಂ ಏರಿದರೆ ಅದು ಹಸಿರಾಗಿ ಬೆಳಗುತ್ತದೆ. ಜಪಾನಿನ ಜುನಿಚಿ ನಕಾಯ್ ಮತ್ತು ಸಂಗಡಿಗರು 2001ರಲ್ಲಿ ಮಾಡಿದ್ದು, ಆಮೇಲೆ ಅಮೆರಿಕದಲ್ಲಿ ಅದನ್ನು ಸುಧಾರಿಸುತ್ತ ಬಂದರು, 2013ರಲ್ಲಿ ಜಿಕ್ಯಾಂಪ್6 ಬಂತು. ಅದನ್ನು ಮಾಡಿದ್ದು ನರಕೋಶಕ್ಕೆಂದು. ಆದರೆ ಮಸತ್ಸುಗು ಟೊಯೋಟ ಮತ್ತು ಸೈಮನ್ ಗಿಲ್ರಾಯ್ ಅವರ ಗುಂಪು ಜಿಕ್ಯಾಂಪ್3 ಅನ್ನು ಲ್ಯಾಬ್‌ಗಳಲ್ಲಿ ಪ್ರಯೋಗಕ್ಕೆ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಸೇರಿಸಿ, ಒಂದು ಎಲೆಗೆ ಹುಳು ಕಡಿದಾಗ ದೂರದ ಎಲೆಯವರೆಗೆ ಕ್ಯಾಲ್ಸಿಯಂ ಅಲೆ ಓಡುವುದನ್ನು ಕಣ್ಣಾರೆ ತೋರಿಸಿತು. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಆ ಅಲೆಯನ್ನು ಎಬ್ಬಿಸುವುದು ಗ್ಲುಟಮೇಟ್, ನಮ್ಮ ಮಿದುಳಿನಲ್ಲಿ ನರಕೋಶದಿಂದ ನರಕೋಶಕ್ಕೆ ಸಂದೇಶ ಸಾಗಿಸುವ ಅದೇ ವಸ್ತು. ಗಿಡಗಳಲ್ಲಿ ಗ್ಲುಟಮೇಟ್ ಗ್ರಾಹಕವನ್ನು ಹೋಲುವ ಜೀನ್‌ಗಳಿವೆ ಎಂಬುದು 1998ರಲ್ಲೇ ನೇಚರ್‌ನಲ್ಲಿ ಪ್ರಕಟವಾಗಿತ್ತು. ಎಲೆಯಿಂದ ಎಲೆಗೆ ಗಾಯದ ಸುದ್ದಿ ಮುಟ್ಟಲು ಅವೇ ಬೇಕು ಎಂದು 2013ರಲ್ಲಿ ಗೊತ್ತಾಯಿತು.

ನಿಮಗೆ ಇದಕ್ಕಿಂತ ಹತ್ತಿರದ್ದು ಇದೇ ಗಿಲ್ರಾಯ್ ಗುಂಪಿನ 2014ರ ಕೆಲಸ. ಬೇರಿಗೆ ಉಪ್ಪು ತಾಗಿಸಿದಾಗ ಕ್ಯಾಲ್ಸಿಯಂ ಅಲೆ ಬೇರಿನಿಂದ ಮೇಲಕ್ಕೆ ಏರುವುದನ್ನು ಅರಬಿಡಾಪ್ಸಿಸ್‌ನಲ್ಲಿ ತೋರಿಸಿದ್ದಾರೆ. ಭತ್ತದಲ್ಲಿ ನೀವು ಹುಡುಕುತ್ತಿರುವುದೇ ಅದು ತಾನೇ?

ಹಾಗೆಂದು ಗಿಡಕ್ಕೂ ಮಿದುಳಿದೆ ಎಂಬ ಮಾತಿಗೆ ಹೋಗಬೇಡಿ. 2006ರ ಸುಮಾರಿಗೆ ಒಂದು ಲೇಖನದಲ್ಲಿ ‘ಸಸ್ಯ ನರಜೀವಶಾಸ್ತ್ರ’ ಎಂಬ ಹೆಸರಿಟ್ಟಾಗ, ಮರುವರ್ಷವೇ 36 ಸಸ್ಯವಿಜ್ಞಾನಿಗಳು ಸಹಿ ಹಾಕಿ ಇದು ಸರಿಯಲ್ಲ ಎಂದು ಪತ್ರ ಬರೆದರು. ನನ್ನ ಅಭಿಪ್ರಾಯವೂ ಅದೇ. ಸಂಕೇತ ಇದೆ, ನರ ಇಲ್ಲ. ಆದರೆ ಆ ಮೂಲ ಲೇಖನವನ್ನು ಒಪ್ಪಿದವರೂ ಉಲ್ಲೇಖಿಸುತ್ತಾರೆ, ಖಂಡಿಸಿದವರೂ ಉಲ್ಲೇಖಿಸುತ್ತಾರೆ. ಸೈಟೇಶನ್ ಲೆಕ್ಕಕ್ಕೆ ಜಗಳವೂ ಒಂದು ಉಲ್ಲೇಖವೇ.

ಎರಡೂ ಕ್ಷೇತ್ರಕ್ಕೆ ಸೇರಿದ ಕೆಲಸ ನಮ್ಮ ಬೆಂಗಳೂರಿನಲ್ಲೇ ಆಗಿದೆ, ಅದನ್ನು ಹೇಳದೆ ಇರಲಾರೆ. ಕೇಸರಿ ಬೇಳೆಯನ್ನೇ ತಿಂಗಳುಗಟ್ಟಲೆ ತಿಂದವರ ಕಾಲು ಸೆಟೆದುಹೋಗಿ ನಡೆಯಲಾಗದಂತಾಗುವ ರೋಗ ಇದೆ. ಬರಗಾಲದಲ್ಲಿ ಬಡವರಿಗೆ ಬಂದದ್ದು. 1964ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ, ಪಿ.ಎಸ್. ಶರ್ಮ ಆ ಬೀಜದಿಂದ ನರವಿಷವನ್ನು ಬೇರ್ಪಡಿಸಿ ಅದರ ರಚನೆ ತಿಳಿಸಿದರು. ಈಗ ಅದನ್ನು ಓಡ್ಯಾಪ್ ಎನ್ನುತ್ತೇವೆ. ಗ್ಲುಟಮೇಟ್ ಗ್ರಾಹಕದ ಮೇಲೇ ಅದರ ಕೆಲಸ. ಆ ಪೇಪರ್ ಅನ್ನು ನಮ್ಮವರು ನರವಿಷವೆಂದು ಉಲ್ಲೇಖಿಸುತ್ತಾರೆ. ತಳಿ ಅಭಿವೃದ್ಧಿಯವರು ವಿಷ ಕಡಿಮೆ ಇರುವ ಕೇಸರಿ ತಳಿ ಮಾಡಲು ಉಲ್ಲೇಖಿಸುತ್ತಾರೆ. ರತನ್, ಮಹಾತೇವಡಾ ಎಂಬ ತಳಿಗಳು ಬಂದದ್ದು ಈ ಹಾದಿಯಲ್ಲೇ. ನಾಲ್ಕಾರು ಪುಟದ ಒಂದು ಪೇಪರ್, ಅರವತ್ತು ವರ್ಷದಿಂದ ಎರಡು ಕಡೆಯವರಿಗೂ ಬೇಕಾಗಿದೆ. ನಾನು ಪ್ರಭಾವ ಎನ್ನುವುದು ಇದನ್ನು.

ಆ ಪಟ್ಟಿ ನೋಡುವಾಗ ಇದೊಂದು ಗಮನಿಸಿ: ನಮ್ಮ ಕ್ಷೇತ್ರದಲ್ಲಿ ಕೈಯಾರೆ ಕೆಲಸ ಮಾಡಿದವರು ಮೊದಲ ಲೇಖಕರು, ಲ್ಯಾಬ್ ನಡೆಸುವವರು ಕೊನೆಯವರು. ಸಸ್ಯದ ಪೇಪರ್‌ಗಳಲ್ಲಿ ಅವರ ಹೆಸರು ನಡುವೆ ಎಲ್ಲೋ ಇದ್ದರೆ ಸೂಕ್ಷ್ಮದರ್ಶಕದ ಕೆಲಸ ಮಾಡಿಕೊಟ್ಟಿದ್ದಾರೆ ಎಂದುಕೊಳ್ಳಬಹುದು. ನಿಮಗೆ ಬೇಕಾದದ್ದು ಅದೇ ಆಗಿದ್ದರೆ ತಪ್ಪೇನಿಲ್ಲ.

ಗದ್ದೆಬದು_ಗಂಗಾವತಿ

ತಮ್ಮಾ, ನಿಮ್ಮ ಗೈಡ್ ಸರ್ ಬಗ್ಗೆ ಬರದಿ ನೋಡು, ಅದಕ್ಕ ಬರೀತೀನಿ. ನಾ ಈ ಭಾಗದಾಗ ಕೃಷಿ ಸಂಶೋಧನಿ ಜೋಡಿ ಬಾಳ ವರ್ಷ ಕೆಲಸ ಮಾಡೀನಿ, ಈಗ ನಿವೃತ್ತಿ.

ಗಂಗಾವತಿ ಸೋನಾ ಅಂತ ತಳಿ ಐತಲ್ಲ, ಅದು ನಮ್ಮ ಗಂಗಾವತಿ ಸಂಶೋಧನಾ ಕೇಂದ್ರದ್ದು. ಒಂದು ತಳಿ ಹೊರಗ ಬರಬೇಕಂದ್ರ ಎಷ್ಟು ಹಂಗಾಮು ಸಾಲು ಸಾಲು ನಾಟಿ ಮಾಡಿ, ಯಾವ ಗಿಡ ಒರಗತು, ಯಾವುದಕ್ಕ ಕಂದು ಜಿಗಿಹುಳು ಬಿತ್ತು, ಯಾವುದು ಉಪ್ಪಿಗೆ ತಡೀತು ಅಂತ ಕೆಸರಾಗ ನಿಂತು ಬರಕೋಬೇಕು. ಆ ಬರವಣಿಗಿ ಹೋಗಿ ಕುಂದರೋದು ವಾರ್ಷಿಕ ವರದಿಯಾಗ. ವಾರ್ಷಿಕ ವರದಿಗೆ ಎಚ್-ಇಂಡೆಕ್ಸ್ ಇಲ್ಲ. ಬೀಜ ಒಯ್ದ ರೈತ ‘ರಾಯರು ಇಂಥಾ ಇಸವಿ’ ಅಂತ ಬರದು ಬಿತ್ತೋದಿಲ್ಲ. ಅವನ ಹೊಲ ನೋಡಿ ಮಗ್ಗಲಿನವ ಬೀಜ ಕೇಳತಾನ, ನಮ್ಮ ಉಲ್ಲೇಖ ಅದು.

ಬಡ್ತಿ, ನೇಮಕಾತಿ ಬಂದಾಗ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯ ನಾಸ್ ರೇಟಿಂಗ್ ಕೇಳ್ತಾರ. ಅದು ಜರ್ನಲ್‌ಗೆ ಕೊಟ್ಟ ಅಂಕ, ಒಳಗಿನ ಪೇಪರ್‌ಗೆ ಕೊಟ್ಟದ್ದಲ್ಲ. ಇಂಗ್ಲಿಷಿನಾಗ ದೊಡ್ಡ ಜರ್ನಲ್‌ಗೆ ಹಾಕಿದವರಿಗೆ ಅಂಕ ಬರತಾವ, ಊರೂರು ತಿರುಗಿ ಕ್ಷೇತ್ರೋತ್ಸವ ಮಾಡಿದವರಿಗೆ ಚಾ ಬರತೈತಿ. ಇದು ಸರಿ ಹೋಗಬೇಕು ಅಂತ ನಾ ಸೇವೆಯಾಗ ಇದ್ದಾಗೂ ಹೇಳೀನಿ, ಈಗೂ ಹೇಳ್ತೀನಿ. ನಿಮ್ಮ ಸರ್ ಯಾವ ಊರಿನ ಹೊಲದಾಗ ಏನು ಮಾಡ್ಯಾರ ಅಂತ ಒಮ್ಮೆ ಅವರನ್ನೇ ಕೇಳು. ಹಳೇ ಫೀಲ್ಡ್ ಬುಕ್ ತೋರಸ್ರಿ ಅನ್ನು. ನಿನ್ನ ಥೀಸಿಸ್‌ಗೆ ಬೇಕಾದ್ದು ಅದರಾಗ ಐತಿ.

ಎಡದಂಡೆ_ಕಾರಟಗಿ

ಎಲ್ಲಾರಿಗೂ ಶರಣು. ಮೇಡಂ ಹೇಳಿದಂಗ ಪಟ್ಟಿ ಪೂರಾ ಬಿಚ್ಚಿದೆ. ಸಂಸ್ಥೆ, ಇಮೇಲ್, ಜೊತೆ ಲೇಖಕರು ಬರಕೊಂಡು ಬರಕೊಂಡು ಎಕ್ಸೆಲ್‌ನಾಗ ಹಾಕಿದೆ. ಮೂರು ಗುಂಪು ಆದವು.

ಮೊದಲನೇದು ಮಿದುಳಿನವು, ಅದೇ ದೊಡ್ಡದು. ಎರಡನೇದು ಅರಬಿಡಾಪ್ಸಿಸ್, ಕ್ಯಾಲ್ಸಿಯಂ, ಗ್ಲುಟಮೇಟ್. ಅದೇ ಸಂಸ್ಥೆ, ಅದೇ ಇಮೇಲ್, ಹೆಸರು ನಡುವ. ಸಿರುಗುಪ್ಪದ ಅಣ್ಣಾರು ಅಂದಂಗ ಸೂಕ್ಷ್ಮದರ್ಶಕದ ಕೆಲಸ ಮಾಡಿಕೊಟ್ಟಾರ ಅಂತ ಪೇಪರ್ ಕೊನೀಗೆ ಯಾರು ಏನು ಮಾಡಿದ್ರು ಅನ್ನೋ ಭಾಗದಾಗ ಬರದೈತಿ. ಮೂರನೇದು ಸವಳು ಭೂಮಿ ಭತ್ತದವು. ಅವು ಬ್ಯಾರೆ ರಾಜ್ಯದ ಒಂದು ಕೇಂದ್ರದವು, ಜೊತೆ ಲೇಖಕರು ಪೂರಾ ಬ್ಯಾರೆ, ಅಡ್ಡಹೆಸರು ಒಂದ, ಇನಿಶಿಯಲ್ ಒಂದ. ಮನುಷ್ಯಾ ಬ್ಯಾರೆ.

ಆಮ್ಯಾಲೆ ಒಂದು ಲೆಕ್ಕ ಮಾಡಿದೆ. ಆ ಮೂರನೇ ಗುಂಪು ಪೂರಾ ತೆಗೆದು ಎಚ್-ಇಂಡೆಕ್ಸ್ ಮತ್ತ ಎಣಿಸಿದೆ. ಒಂದು ಅಂಕೀನೂ ಇಳೀಲಿಲ್ಲ! ಯಾಕಂದ್ರ ಆ ಗುಂಪಿನಾಗ ಒಂದು ಪೇಪರ್‌ಗೂ ನಲವತ್ತು ಉಲ್ಲೇಖ ಇಲ್ಲ. ನಲವತ್ತು ದಾಟಿದ ಎಚ್‌ಗೆ ಅವು ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಒಬ್ಬ ಮನುಷ್ಯಾನ ಇಡೀ ನೌಕರಿಯ ಕೆಲಸ ಇನ್ನೊಬ್ಬರ ಪಟ್ಟಿಗೆ ಸೇರಿತ್ತು, ತೆಗೆದ್ರೂ ಲೆಕ್ಕಕ್ಕ ಗೊತ್ತಾಗಲಿಲ್ಲ. ನನಗ ಆ ರಾತ್ರಿ ಬಾಳ ಸಂಕಟ ಆತು. ನಮ್ಮ ಸರ್ ನೆನಪಾದರು.

ಅದಕ್ಕ ಆ ಮೂರನೇ ಗುಂಪಿನ ಪೇಪರ್ ಓದಾಕ ಕುಂತೆ. ನಾಟಿಗೆ ಮುಂಚೆ ಮಡಿಯಾಗ ನೀರು ಕಟ್ಟಿ ಬಸಿದು ಬಿಡೋದು, ಸವಳು ಹೊಲಕ್ಕ ಬಲಿತ ಸಸಿ ಹಚ್ಚೋದು, ಹೂವಾಡೋ ಹೊತ್ತಿಗೆ ಉಪ್ಪು ಬಿದ್ರ ಕಾಳು ಜೊಳ್ಳಾಗೋದು, ಎಲ್ಲ ಹೊಲದಾಗ ಅಳತಿ ಮಾಡಿ ಬರದಾರ. ಉಲ್ಲೇಖ ಮಾಡಿದವರ ವಾಕ್ಯ ತೆಗೆದು ನೋಡಿದೆ. ಕಡಿಮಿ ಅದಾವ, ಆದರ ಬಹಳಷ್ಟು ‘ಇವರ ಪದ್ಧತಿ ನಮ್ಮ ಹೊಲದಾಗ ಮಾಡಿ ನೋಡಿದೆವು’ ಅನ್ನೋ ಜಾತೀವು. ಮಿದುಳಿನ ಪೇಪರ್‌ದಾಗ ಅಂಥಾ ವಾಕ್ಯಾನೂ ಸಿಕ್ಕಾವ, ಸುಳ್ಳು ಹೇಳಂಗಿಲ್ಲ. ಅವರೂ ಗಟ್ಟಿ ಕೆಲಸದವರೇ. ಅಲ್ಲಿ ಸಾಲಾಗಿ ಹತ್ತು ಹೆಸರಿನ ನಡುವ ಬಂದದ್ದು ಮಾತ್ರ ಹೆಚ್ಚು.

ಮತ್ತ ನಮ್ಮ ಸರ್ ಹತ್ರ ಹೋಗಿ ಫೀಲ್ಡ್ ಬುಕ್ ಕೇಳಿದೆ. ಕಪಾಟು ತೆಗೆದು ಒಂದು ಗಂಟು ಇಳಿಸಿದರು. ಸಿಂಧನೂರು, ಕಾರಟಗಿ, ಸಿರವಾರ ಕಡೆ ಹೊಲದ ಮಣ್ಣಿನ ವಿದ್ಯುತ್ ವಾಹಕತೆ (ಉಪ್ಪು ಎಷ್ಟೈತಿ ಅಂತ ಹೇಳೋ ಅಳತಿ), ಯಾವ ತಳಿ ಯಾವ ಮಡಿಯಾಗ ಎಷ್ಟು ತೆಂಡೆ ಒಡೀತು, ಎಲ್ಲ ಪೆನ್ಸಿಲ್‌ನಾಗ. ಆ ವಾಹಕತೆ ಮೀಟರ್‌ಗೆ 3 ಡೆಸಿಸೀಮನ್ಸ್ ದಾಟಿದ್ರ ಭತ್ತದ ಇಳುವರಿ ಇಳಿಯಾಕ ಶುರು ಅಂತ ಪುಸ್ತಕದಾಗ ಓದ್ತೀವಿ. ಸರ್ ಬುಕ್ಕಿನಾಗ ಅದಕ್ಕಿಂತ ಹೆಚ್ಚಿದ್ದ ಮಡಿಯಾಗೂ ನಿಂತ ಸಾಲಿನ ಗುರುತು ಅದಾವ. ನನ್ನ ಪ್ರಯೋಗಕ್ಕ ಬೀಜ ಆ ಸಾಲಿನಿಂದ ತಗೋಬೇಕು ಅಂತ ತೀರ್ಮಾನ ಆತು.

ಗೈಡ್ ಬದಲಿ ಮಾತು ಮುಗೀತು. ನರವಿಜ್ಞಾನಿಗಳಿಗೆ ಇಮೇಜಿಂಗ್ ಕಲಿಸ್ತೀರೇನು ಅಂತಷ್ಟ ಬರದೀನಿ, ಕೋ-ಗೈಡ್ ಆಗ್ರಿ ಅಂತಲ್ಲ. ಸವಳು ಭೂಮಿಯವರಿಗೆ ಬ್ಯಾರೆ ಬರದೀನಿ, ಅವರ ಪೇಪರ್ ಬ್ಯಾರೆಯವರ ಹೆಸರಿನಾಗ ಕುಂತಾವ ಅಂತಾನೂ ತಿಳಿಸೀನಿ. ಮೇಡಂ, ಇದನ್ನ ಸರಿ ಮಾಡಸಾಕ ನಾನೇ ಅರ್ಜಿ ಹಾಕಬೋದೇನು? ಮತ್ತ ನನ್ನ ಮೊದಲ ಪೇಪರ್ ಇನ್ನೇನು ಕಳಸ್ತೀನಿ, ಹೆಸರು ಹ್ಯಾಂಗ ಬರೀಲಿ?

ಓದುಕೋಣೆ_ಬಳ್ಳಾರಿ

ಹಾಕಬಹುದು. ಸ್ಕೋಪಸ್‌ನಲ್ಲಿ ಲೇಖಕರ ಪ್ರೊಫೈಲ್ ತಿದ್ದಲು ಅರ್ಜಿ ಕಳಿಸುವ ಪುಟವಿದೆ. ಆದರೂ ಆ ಇಬ್ಬರಲ್ಲಿ ಒಬ್ಬರು ಕಳಿಸಿದರೆ ಬೇಗ ಆಗುತ್ತದೆ. ನೀವು ಮಾಡಿದ ಎಕ್ಸೆಲ್ ಹಾಳೆಯನ್ನು ಇಬ್ಬರಿಗೂ ಕಳಿಸಿಬಿಡಿ. ಯಾವ ಪೇಪರ್ ಯಾರದು ಎಂದು ಅವರೇ ಗುರುತು ಹಾಕಲಿ.

ನಿಮ್ಮ ಹೆಸರಿಗೆ: ಪೇಪರ್ ಕಳಿಸುವ ಮೊದಲೇ ಆರ್ಕಿಡ್ ತೆಗೆದುಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ ಇದ್ದರೆ ಅದನ್ನು ಬಿಡಿಸಿ ಪೂರ್ತಿ ಬರೆಯಿರಿ, ಇಂಗ್ಲಿಷಿನಲ್ಲಿ ಹೆಸರಿನ ಕೊನೆಯಲ್ಲಿ ‘ಎ’ (a) ಅಕ್ಷರ ಹಾಕುತ್ತೀರೋ ಇಲ್ಲವೋ ಈಗಲೇ ನಿರ್ಧರಿಸಿ ಮುಂದೆ ಎಲ್ಲ ಕಡೆ ಹಾಗೆಯೇ ಇಡಿ. ನಿಮ್ಮ ಸರ್ ಅವರಿಗೂ ಆರ್ಕಿಡ್ ಇದೆಯೋ ಕೇಳಿ. ಇಲ್ಲದಿದ್ದರೆ ಪಕ್ಕದಲ್ಲಿ ಕೂತು ಮಾಡಿಕೊಡಿ. ಅವರ ಪ್ರೊಫೈಲ್ ಎರಡು ಮೂರಾಗಿ ಒಡೆದಿರುವ ಸಾಧ್ಯತೆ ಇದೆ. ಹಾಗಾಗಿದ್ದರೆ ಲಿಂಕ್ ನನಗೆ ಕಳಿಸಿ, ಕೂಡಿಸುವ ಅರ್ಜಿ ಹೇಗೆ ಬರೆಯಬೇಕೆಂದು ಹೇಳುತ್ತೇನೆ. ಮತ್ತೆ ಆ ಫೀಲ್ಡ್ ಬುಕ್‌ಗಳನ್ನು ಮಳೆಗಾಲಕ್ಕೆ ಮೊದಲು ಸ್ಕ್ಯಾನ್ ಮಾಡಿಸಿ. ಪೆನ್ಸಿಲ್ ಬರಹ ಅಳಿಸಿಹೋಗುತ್ತದೆ.